ತಡವಾಗಿ ಓದಿದ್ದು ಓದಲ್ಲವೆ?

ಜ್ಯೇಷ್ಠತೆ ಎಂದರೇನೆಂಬುದು ಸರ್ಕಾರಿ ನೌಕರರಿಗಿಂತ ಮೊದಲೇ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಹಿರಿಯ ಸೊಸೆ ಯಾರು, ಕಿರಿಯ ಸೊಸೆ ಯಾರು ಎಂಬುದು ಅವರವರ ವಯಸ್ಸಿನ ಮೇಲೂ ನಿಲ್ಲುವುದಿಲ್ಲ, ದುಡಿಮೆಯ ಮೇಲೂ ನಿಲ್ಲುವುದಿಲ್ಲ. ಯಾವ ಮಗನ ಕೈ ಹಿಡಿದು ಹೊಸ್ತಿಲು ದಾಟಿ ಬಂದಳೋ ಅದರ ಮೇಲೆ ನಿಲ್ಲುತ್ತದೆ. ಕಿರಿಯ ಮಗನ ಕೈ ಹಿಡಿದು ಬಂದವಳು ಮುಂದೆ ಎಷ್ಟೇ ಓದಲಿ, ಎಷ್ಟೇ ದುಡಿಯಲಿ, ಹಬ್ಬದ ದಿನ ಆರತಿ ತಟ್ಟೆ ಹಿಡಿಯುವ ಸರದಿ ಬಂದಾಗ ಅವಳು ಕಿರಿಯಳೇ. ಒಳಗೆ ಬಂದ ಬಾಗಿಲು ಯಾವುದೆಂಬುದೇ ಲೆಕ್ಕ, ಬಂದ ಮೇಲೆ ಮಾಡಿದ್ದೇನು ಎಂಬುದಲ್ಲ.

ಮನೆಯಲ್ಲಿ ಇದನ್ನು ಸಂಪ್ರದಾಯ ಎನ್ನುತ್ತೇವೆ. ಕಚೇರಿಯಲ್ಲಿ ಇದಕ್ಕೆ ನಿಯಮ ಎಂದು ಹೆಸರು. ನಾನು ಇಲ್ಲಿ ಜಗಳ ತೆಗೆಯಬೇಕೆಂದಿರುವುದು ಈ ಎರಡನೆಯದರ ಜೊತೆಗೆ.

ಲೋಕೋಪಯೋಗಿ ಇಲಾಖೆ, ನೀರಾವರಿ, ಪಂಚಾಯತ್ ರಾಜ್, ಇವುಗಳಲ್ಲಿ ಎಂಜಿನಿಯರಾಗಿ ಒಳಗೆ ಹೋಗುವುದಕ್ಕೆ ಎರಡು ಬಾಗಿಲುಗಳಿವೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿ ಡಿಪ್ಲೊಮಾ ಪಡೆದವರು ಜೂನಿಯರ್ ಎಂಜಿನಿಯರ್ ಆಗುತ್ತಾರೆ. ಬಿ.ಇ. ಪದವಿ ಮುಗಿಸಿದವರು ಅಸಿಸ್ಟಂಟ್ ಎಂಜಿನಿಯರ್ ಆಗುತ್ತಾರೆ. ಅಲ್ಲಿಂದ ಮೇಲೆ ಸಹಾಯಕ ಕಾರ್ಯನಿರ್ವಾಹಕ, ಕಾರ್ಯನಿರ್ವಾಹಕ, ಅಧೀಕ್ಷಕ, ಮುಖ್ಯ ಎಂಜಿನಿಯರ್ ಎಂಬ ಮೆಟ್ಟಿಲುಗಳು. ಪದವಿಯವರಿಗೆ ಮೆಟ್ಟಿಲು ಅಗಲ, ಡಿಪ್ಲೊಮಾದವರಿಗೆ ಇಕ್ಕಟ್ಟು. ಹತ್ತನೆಯ ಇಯತ್ತೆ ಮುಗಿಯುತ್ತಲೇ ಮನೆಯ ಬಡತನ ನೋಡಿ ಪಾಲಿಟೆಕ್ನಿಕ್ ಸೇರಿದ ಹುಡುಗನೋ ಹುಡುಗಿಯೋ ನೌಕರಿ ಸಿಕ್ಕ ಮೇಲೆ, ಮನೆ ಒಂದು ಹಾದಿಗೆ ಹತ್ತಿದ ಮೇಲೆ, ಉಳಿದ ಓದನ್ನು ಓದಿ ಪದವಿ ಪಡೆದರೆ? ಆಗ ಅವರು ಯಾವ ಬಾಗಿಲಿನವರು? ಪದವಿ ಇಲ್ಲದೆ ದುಡಿದ ವರ್ಷಗಳು ಲೆಕ್ಕಕ್ಕೆ ಬರುತ್ತವೋ, ಗಟಾರಕ್ಕೆ ಹೋಗುತ್ತವೋ? ಇಷ್ಟೇ ಪ್ರಶ್ನೆ. ಈ ಪ್ರಶ್ನೆಗೆ ನಮ್ಮ ದೇಶ ಐವತ್ತು ವರ್ಷಗಳಿಂದ ಒಂದೊಂದು ಊರಲ್ಲಿ ಒಂದೊಂದು ಉತ್ತರ ಕೊಡುತ್ತ ಬಂದಿದೆ.

ನಮ್ಮ ಐದು ತಾಲೂಕುಗಳನ್ನೇ ತೆಗೆದುಕೊಳ್ಳಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣೆ, ದೂಧಗಂಗಾ, ವೇದಗಂಗಾ, ಅಗ್ರಣಿ, ಇಷ್ಟು ನೀರು ಹರಿಯುವ ನಾಡು. ಹಾಗೆಂದು ಅಥಣಿಯ ಬಡಗಣ ಭಾಗದಲ್ಲಿ ಬೇಸಿಗೆಗೆ ಕುಡಿಯುವ ನೀರಿಗಾಗಿ ಕೊಡ ಸಾಲಿಗಿಟ್ಟು ಕೂಡ್ರುವುದೂ ತಪ್ಪಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಎಂಟು ದಿನ ಮಳೆ ಹಿಡಿಯಿತೆಂದರೆ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ ಸೇತುವೆಗಳು ಒಂದೊಂದಾಗಿ ನೀರೊಳಗೆ ಇಳಿಯುತ್ತವೆ. 2005ರಲ್ಲಿ ಹಾಗಾಯಿತು, 2019ರ ಆಗಸ್ಟ್‌ನಲ್ಲಿ ಊರೂರುಗಳೇ ನಡುಗಡ್ಡೆಯಾದವು, 2021ರಲ್ಲಿ ಮತ್ತೆ ಬಂತು. ಅಂಥ ರಾತ್ರಿ ಸೇತುವೆಯ ಮೇಲೆ ಟಾರ್ಚು ಹಿಡಿದು ನೀರಿನ ಗುರುತು ನೋಡುತ್ತ ನಿಲ್ಲುವವರು ಯಾರು? ಬೆಂಗಳೂರಿನ ಮುಖ್ಯ ಎಂಜಿನಿಯರ್ ಅಲ್ಲ. ಬಹಳ ಸಲ ಅವರು ಆ ಸೆಕ್ಷನ್ನಿನ ಜೂನಿಯರ್ ಎಂಜಿನಿಯರ್. “ಸಾಹೇಬ್ರ, ನೀರ ಎಷ್ಟ ಏರೇತ್ರಿ?” ಎಂದು ಊರವರು ಕೇಳುವುದು ಅವರನ್ನೇ. ಎಷ್ಟು ಏರಿದರೆ ರಸ್ತೆ ಬಂದ್ ಮಾಡಬೇಕು, ಇಳಿದ ಮೇಲೆ ಕಂಬದ ಬುಡ ಎಷ್ಟು ಕೊರೆದಿದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತದ್ದಲ್ಲ, ಹೊಳೆಯಿಂದ ಕಲಿತದ್ದು.

ಅಂಥವರು ಪದವಿ ಓದುವುದು ಹೇಗೆ? ಬಹಳ ಕಾಲ ಇದ್ದ ದಾರಿ ಎ.ಎಂ.ಐ.ಇ. 1920ರಲ್ಲಿ ಹುಟ್ಟಿ ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ ಅದು. ಸೆಕ್ಷನ್ ಎ, ಸೆಕ್ಷನ್ ಬಿ ಎಂದು ಎರಡು ಹಂತ, ವರ್ಷಕ್ಕೆರಡು ಸಲ ಪರೀಕ್ಷೆ. ತರಗತಿ ಇಲ್ಲ, ಮೇಷ್ಟ್ರಿಲ್ಲ, ಪುಸ್ತಕ ಮಾತ್ರ. ಉಗಾರ ಖುರ್ದ, ಕುಡಚಿ, ರಾಯಬಾಗ, ಘಟಪ್ರಭಾ ಎಂದು ನಿಂತು ನಿಂತು ಹೋಗುವ ಮೀರಜ ಗಾಡಿಯಲ್ಲಿ ಕುಳಿತು ಗಣಿತ ಬಿಡಿಸಿದವರಿದ್ದಾರೆ. ಈಗ ಚಿಕ್ಕೋಡಿಯಲ್ಲೂ ನಿಪ್ಪಾಣಿಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ನಮ್ಮ ಬೆಳಗಾವಿಯಲ್ಲಿದೆ. ಆದರೆ ಹಿಂದಿನ ತಲೆಮಾರಿಗೆ ಎಂಜಿನಿಯರಿಂಗ್ ಕಾಲೇಜು ಎಂದರೆ ಸಾಂಗಲಿಗೆ ಹೋಗಬೇಕು, ಬೆಳಗಾವಿಗೆ ಹೋಗಬೇಕು, ಇಲ್ಲವೆ ಹುಬ್ಬಳ್ಳಿಗೆ. ನೌಕರಿ ಬಿಟ್ಟು ಹೋಗಲು ಯಾರ ಮನೆಯಲ್ಲಿ ಹಗೇವು ತುಂಬಿತ್ತು?

ಇಲ್ಲಿ ಒಂದು ಮಾತನ್ನು ಯಾವ ಆದೇಶವೂ ಬರೆಯುವುದಿಲ್ಲ, ನಾವೇ ಬರೆದುಕೊಳ್ಳಬೇಕು. ಮನೆಯ ಒಬ್ಬ ಮನುಷ್ಯ ನೌಕರಿಯಲ್ಲಿದ್ದುಕೊಂಡು ಓದಿದನೆಂದರೆ ಆ ಓದಿನ ಅರ್ಧ ಭಾರ ಹೊತ್ತವಳು ಮನೆಯಲ್ಲಿರುತ್ತಾಳೆ. ಮಕ್ಕಳನ್ನು ಗದ್ದಲ ಮಾಡದಂತೆ ನೆರೆಮನೆಗೆ ಕಳಿಸಿದವಳು, ನಸುಕಿನ ನಾಲ್ಕಕ್ಕೆ ಎದ್ದು ಚಹಾ ಇಟ್ಟವಳು, ಪರೀಕ್ಷೆಯ ಫೀ ಕಟ್ಟುವ ತಿಂಗಳು ಸೀರೆಯ ಮಾತು ತೆಗೆಯದವಳು, ತವರಿನ ಜಾತ್ರೆಗೆ ಒಬ್ಬಳೇ ಮಕ್ಕಳನ್ನು ಕಟ್ಟಿಕೊಂಡು ಹೋಗಿ “ಅವರಿಗೆ ಪರೀಕ್ಷಾ ಐತಿ” ಎಂದು ನೂರು ಜನಕ್ಕೆ ಉತ್ತರ ಕೊಟ್ಟವಳು. ಪದವಿಯ ಕಾಗದದ ಮೇಲೆ ಒಂದೇ ಹೆಸರು ಇರುತ್ತದೆ. ಆ ಪದವಿ ಲೆಕ್ಕಕ್ಕಿಲ್ಲ ಎಂದು ಸರ್ಕಾರ ಹೇಳಿದಾಗ ಎರಡು ಜನರ ವರ್ಷಗಳು ವಜಾ ಆಗುತ್ತವೆ.

ಇನ್ನು ಓದಿದವಳೇ ಹೆಣ್ಣುಮಗಳಾಗಿದ್ದರೆ ಭಾರ ಹಂಚಿಕೊಳ್ಳಲು ಎರಡನೆಯವರೂ ಇರುವುದಿಲ್ಲ. ಅವಳೇ ನಾಲ್ಕಕ್ಕೆ ಏಳುತ್ತಾಳೆ, ಅವಳೇ ಚಹಾ ಇಡುತ್ತಾಳೆ, ಆಮೇಲೆ ಪುಸ್ತಕ ತೆರೆಯುತ್ತಾಳೆ.

ಪದವಿ ಬಂತೆನ್ನಿ. ಅದನ್ನು ಸೇವಾ ಪುಸ್ತಕದಲ್ಲಿ ದಾಖಲು ಮಾಡಿಸಬೇಕು. ಓದಲು ಅನುಮತಿ ಪಡೆದಿದ್ದಿರಾ, ನಿರಾಕ್ಷೇಪಣಾ ಪತ್ರ ಎಲ್ಲಿ, ಪ್ರಮಾಣಪತ್ರದ ನೈಜತೆ ಪರಿಶೀಲನೆ ಆಯಿತೇ? ಒಂದೊಂದು ಕಾಗದಕ್ಕೂ ಒಂದೊಂದು ಟೇಬಲ್ಲು. “ಫೈಲ್ ಮ್ಯಾಲ ಹೋಗೇತ್ರಿ” ಎನ್ನುವ ಮಾತನ್ನು ಕೇಳದ ನೌಕರನ ಮನೆ ಈ ನಾಡಿನಲ್ಲಿಲ್ಲ. ಅಷ್ಟರಲ್ಲಿ ಜ್ಯೇಷ್ಠತಾ ಪಟ್ಟಿ ಹೊರಡುತ್ತದೆ. ಆಕ್ಷೇಪಣೆ ಹಾಕಬೇಕು. ಆಕ್ಷೇಪಣೆ ತಿರಸ್ಕೃತವಾದರೆ ಆಡಳಿತ ನ್ಯಾಯಮಂಡಳಿ, ಅದಾದ ಮೇಲೆ ಹೈಕೋರ್ಟು. ವಕೀಲರ ಫೀಗೆ ಕೊರಳಿನದು ಕೈಗೆ ಬರುತ್ತದೆ.

ನ್ಯಾಯಾಲಯಗಳು ಏನು ಹೇಳಿವೆ? ಹೆಂಗಸರಿಗೆ ಕಾಯದೆ ಯಾಕೆ ಎನ್ನಬೇಡಿ. ನಮ್ಮ ಮನೆಯ ಸಂಬಳ ಇದರ ಮೇಲೆ ನಿಂತಿದೆ. 1973ರಲ್ಲಿ ಜಮ್ಮು ಮತ್ತು ಕಾಶ್ಮೀರದ ತ್ರಿಲೋಕಿನಾಥ ಖೋಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಂದೇ ಹುದ್ದೆಯಲ್ಲಿದ್ದರೂ ಮುಂಬಡ್ತಿಯ ಮಟ್ಟಿಗೆ ಪದವಿಯವರನ್ನೂ ಡಿಪ್ಲೊಮಾದವರನ್ನೂ ಬೇರೆ ಬೇರೆಯಾಗಿ ಕಾಣಬಹುದು ಎಂದಿತು. ಆದರೆ ಅದೇ ತೀರ್ಪಿನಲ್ಲಿ, ಹೀಗೆ ವರ್ಗ ಮಾಡುವ ತತ್ವವನ್ನು ಎಳೆದೆಳೆದು ಕೊನೆಗೆ ಸಮಾನತೆಯನ್ನೇ ಮುಳುಗಿಸಬಾರದು ಎಂದೂ ಎಚ್ಚರಿಸಿತು. ಎಚ್ಚರಿಕೆಯನ್ನು ಮರೆತು ತೀರ್ಪನ್ನಷ್ಟೇ ನೆನಪಿಟ್ಟುಕೊಂಡವರೇ ಹೆಚ್ಚು.

1991ರಲ್ಲಿ ಪಾಂಡಿಚೇರಿಯ ಸುರೇಶ್ ನಾಥನ್ ಪ್ರಕರಣ. ಅಲ್ಲಿಯ ನಿಯಮದಂತೆ ಸೆಕ್ಷನ್ ಆಫೀಸರರು ಅಸಿಸ್ಟಂಟ್ ಎಂಜಿನಿಯರ್ ಆಗಲು ಪದವೀಧರರಾದರೆ ಮೂರು ವರ್ಷದ ಸೇವೆ ಸಾಕು, ಡಿಪ್ಲೊಮಾದವರಾದರೆ ಆರು ವರ್ಷ ಬೇಕು. ನೌಕರಿಯಲ್ಲಿದ್ದು ಪದವಿ ಪಡೆದವರ ಮೂರು ವರ್ಷವನ್ನು ಪದವಿ ಬಂದ ದಿನದಿಂದಲೇ ಎಣಿಸಬೇಕು, ಹಿಂದಿನದು ಸೇರದು ಎಂದು ಕೋರ್ಟು ಹೇಳಿತು. ಯಾಕೆಂದರೆ ಆ ಇಲಾಖೆಯಲ್ಲಿ ಬಹುಕಾಲದಿಂದ ನಡೆದು ಬಂದ ಪದ್ಧತಿ ಅದು. 1993ರಲ್ಲಿ ವರದಿಯಾದ ಮಧ್ಯಪ್ರದೇಶದ ಎಂ.ಬಿ. ಜೋಶಿ ಪ್ರಕರಣದಲ್ಲಿ ಅದೇ ಕೋರ್ಟು, ನೌಕರಿಯಲ್ಲಿದ್ದು ಪದವಿ ಪಡೆದ ಸಬ್-ಎಂಜಿನಿಯರರ ಜ್ಯೇಷ್ಠತೆಯನ್ನು ಅವರು ಮೊದಲು ಸೇವೆಗೆ ಸೇರಿದ ದಿನದಿಂದ ಎಣಿಸಬೇಕು ಎಂದಿತು. ಯಾಕೆಂದರೆ ಅಲ್ಲಿಯ ನಿಯಮ ಹಾಗಿತ್ತು. 2007ರಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಶೈಲೇಂದ್ರ ದಾನಿಯಾ ಪ್ರಕರಣದಲ್ಲಿ ಮತ್ತೆ ಪದವಿಯ ನಂತರದ ಸೇವೆಯೇ ಲೆಕ್ಕಕ್ಕೆ ಬಂತು.

ಮೇಲ್ನೋಟಕ್ಕೆ ಇದು ಗೊಂದಲವೆನಿಸುತ್ತದೆ. ಗೊಂದಲವಲ್ಲ. ಕೋರ್ಟು ಪ್ರತಿ ಸಲವೂ ಕೇಳಿದ್ದು ಒಂದೇ ಪ್ರಶ್ನೆ: ನಿಯಮ ಏನು ಹೇಳುತ್ತದೆ, ಇಲಾಖೆ ಹೇಗೆ ನಡೆದುಕೊಂಡು ಬಂದಿದೆ? ಅಂದ ಮೇಲೆ ನಮ್ಮ ಜಗಳ ನ್ಯಾಯಾಧೀಶರ ಜೊತೆಗಲ್ಲ. ನಿಯಮ ಬರೆಯುವ ಲೇಖನಿ ಸರ್ಕಾರದ ಕೈಯಲ್ಲಿದೆ. “ಕೋರ್ಟು ಹಾಗಂದೇತಿ, ನಾವೇನ್ ಮಾಡೋಣ್ರಿ” ಎಂದು ಕೈ ತೊಳೆದುಕೊಳ್ಳುವ ಅಧಿಕಾರಿಗೆ ನಾವು ಹೇಳಬೇಕಾದ ಮಾತು ಇದು: ಕೋರ್ಟು ನೀವು ಬರೆದದ್ದನ್ನು ಓದಿತು, ಅಷ್ಟೇ. ಬೇರೆ ಬರೆದರೆ ಬೇರೆ ಓದುತ್ತದೆ.

ಪಾಂಡಿಚೇರಿಯ ಲೆಕ್ಕವನ್ನು ಒಮ್ಮೆ ಸಂತೆಯ ಲೆಕ್ಕದಂತೆ ಬೆರಳೆಣಿಸಿ ನೋಡೋಣ. ಪದವಿಯ ಮೂರು ವರ್ಷ, ಡಿಪ್ಲೊಮಾದ ಆರು ವರ್ಷ ಸಮ ಎಂದು ನಿಯಮವೇ ಒಪ್ಪಿಕೊಂಡಿದೆ. ಅಂದರೆ ಡಿಪ್ಲೊಮಾದ ಎರಡು ವರ್ಷ ಪದವಿಯ ಒಂದು ವರ್ಷಕ್ಕೆ ತೂಗುತ್ತದೆ. ಒಬ್ಬ ನೌಕರ ಡಿಪ್ಲೊಮಾದ ಮೇಲೆ ನಾಲ್ಕು ವರ್ಷ ದುಡಿದು ಪದವಿ ಪಡೆದ ಎನ್ನಿ. ಆ ನಾಲ್ಕು ವರ್ಷಕ್ಕೆ ಎರಡು ವರ್ಷದ ಬೆಲೆಯಾದರೂ ಸಿಗಬೇಕಲ್ಲವೆ? ಇನ್ನೊಂದು ವರ್ಷ ದುಡಿದರೆ ಮೂರು ತುಂಬಬೇಕು. ಆದರೆ ಆ ನಾಲ್ಕಕ್ಕೆ ಸೊನ್ನೆ ಹಾಕಿದರೆ ಇನ್ನೂ ಮೂರು ವರ್ಷ ಕಾಯಬೇಕು, ಒಟ್ಟು ಏಳು. ಓದದೆ ಸುಮ್ಮನೆ ಕುಳಿತಿದ್ದರೆ ಡಿಪ್ಲೊಮಾದವರ ಪಾಲಿನಲ್ಲಿ ಆರೇ ವರ್ಷಕ್ಕೆ ಅರ್ಹನಾಗುತ್ತಿದ್ದ! ಓದಿದವನು ಪದವೀಧರರ ಪಾಲಿಗೆ ಬರಲು, ಓದದವನು ತನ್ನ ಪಾಲಿಗೆ ಬರುವುದಕ್ಕಿಂತ ಒಂದು ವರ್ಷ ಹೆಚ್ಚು ಕಾಯಬೇಕು. ಎರಡು ಸೇರು ಜೋಳಕ್ಕೆ ಒಂದು ಸೇರು ಗೋದಿ ಎಂದು ತಾನೇ ದರ ಹೇಳಿದ ಅಂಗಡಿಯವನು, ಜೋಳ ಅಳೆದು ಕೊಟ್ಟ ಮೇಲೆ ಖಾಲಿ ಚೀಲ ಕೈಗಿಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು, ಅದರಲ್ಲಿ ಸತ್ಯವಿದೆ. ಪದವಿ ಮುಗಿಸಿ, ಲೋಕಸೇವಾ ಆಯೋಗದ ಪರೀಕ್ಷೆಗೆ ಕುಳಿತು, ವರ್ಷಗಟ್ಟಲೆ ಫಲಿತಾಂಶಕ್ಕೆ ಕಾದು ಅಸಿಸ್ಟಂಟ್ ಎಂಜಿನಿಯರ್ ಆಗಿ ಬಂದವರು ಕೇಳುತ್ತಾರೆ: “ನಿನ್ನೆ ಪದವಿ ಪಡೆದವರನ್ನು ಹತ್ತು ವರ್ಷ ಹಿಂದಿನ ದಿನಾಂಕ ಕೊಟ್ಟು ನಮ್ಮ ತಲೆಯ ಮೇಲೆ ಕೂರಿಸಿದರೆ ನಮ್ಮ ಗತಿ ಏನು?” ಅವರ ಮನೆಯಲ್ಲೂ ನಾಲ್ಕಕ್ಕೆ ಎದ್ದವರಿದ್ದಾರೆ. ಒಬ್ಬರ ತಟ್ಟೆಯ ರೊಟ್ಟಿ ಎತ್ತಿ ಇನ್ನೊಬ್ಬರಿಗೆ ಬಡಿಸುವುದು ನ್ಯಾಯವಲ್ಲ. ಆದ್ದರಿಂದ ಪದವಿಯೇ ಇಲ್ಲದ ದಿನಕ್ಕೆ ಪದವೀಧರರ ಜ್ಯೇಷ್ಠತೆ ಕೊಡಿ ಎಂದು ನಾನು ಕೇಳುವುದಿಲ್ಲ. ಕೇಳುವುದು ಮೂರೇ ಮಾತು.

ಒಂದು, ಪದವಿಯ ಫಲಿತಾಂಶ ಬಂದ ದಿನವೇ ಲೆಕ್ಕ ಶುರುವಾಗಬೇಕು. ಕಡತ ಮೇಲೆ ಹೋಗಿ ಕೆಳಗೆ ಬಂದ ದಿನವಲ್ಲ. ಕಚೇರಿಯ ಆಲಸ್ಯಕ್ಕೆ ನೌಕರ ತನ್ನ ಆಯುಷ್ಯದಿಂದ ದಂಡ ಕಟ್ಟಬಾರದು. ಎರಡು, ಮುಂಬಡ್ತಿಗೆ ಬೇಕಾದ ಅನುಭವದ ವರ್ಷಗಳನ್ನು ಎಣಿಸುವಾಗ ಡಿಪ್ಲೊಮಾದ ಸೇವೆಗೆ ಅರ್ಧದಷ್ಟಾದರೂ ತೂಕ ಸಿಗಬೇಕು. ಯಾರನ್ನೂ ಹಿಂದೆ ತಳ್ಳದೆ ಮಾಡಬಹುದಾದ ಕೆಲಸ ಇದು, ಯಾಕೆಂದರೆ ಇದು ಅರ್ಹತೆಯ ಲೆಕ್ಕ, ಪಟ್ಟಿಯಲ್ಲಿಯ ಸ್ಥಾನದ ಲೆಕ್ಕವಲ್ಲ. ಮೂರು, ಓದಲು ಅನುಮತಿ ಕೇಳಿದ ಅರ್ಜಿಗೆ ಇಂತಿಷ್ಟು ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಅನುಮತಿ ಸಿಕ್ಕಂತೆ ಎಂದು ನಿಯಮದಲ್ಲೇ ಬರೆಯಬೇಕು. ನಮ್ಮಲ್ಲಿ ಜ್ಯೇಷ್ಠತೆಯ ನಿಯಮಗಳು ಬಂದದ್ದು 1957ರಲ್ಲಿ. ಅಂದು ನೌಕರಿಯಲ್ಲಿದ್ದು ಓದುವ ಹೆಣ್ಣುಮಗಳನ್ನು ಯಾರು ಕಂಡಿದ್ದರು? ಇಂದು ನೇರ ನೇಮಕಾತಿಯಲ್ಲಿ ಶೇಕಡಾ 33 ಹುದ್ದೆ ಮಹಿಳೆಯರಿಗೆಂದು ಮೀಸಲಿಡುವ ಸರ್ಕಾರ, ಒಳಗೆ ಬಂದ ಮೇಲೆ ಅವರು ಮೇಲೇರುವ ದಾರಿಯ ಕಡೆಗೂ ಕಣ್ಣು ಹಾಯಿಸಬೇಡವೆ?

“ಅಯ್ಯೋ, ಈಗಿನ ಪದವಿ ಎಂದರೆ ದುಡ್ಡು ಕೊಟ್ಟರೆ ಸಿಗುತ್ತದೆ” ಎನ್ನುವ ಮಾತೂ ಇದೆ. ಸುಳ್ಳಲ್ಲ. ಪ್ರಯೋಗಶಾಲೆಯ ಮುಖ ನೋಡದೆ ಅಂಚೆಯ ಮೂಲಕ ಎಂಜಿನಿಯರಿಂಗ್ ಪದವಿ ಹಂಚಿದ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ಬಣ್ಣ 2017ರ ನವೆಂಬರ್‌ನಲ್ಲಿ ಬಯಲಾಯಿತು. ಒಡಿಶಾದ ನೀರಾವರಿ ನಿಗಮದ ನೌಕರರ ಮುಂಬಡ್ತಿಯ ತಕರಾರಿನಿಂದ ಶುರುವಾದ ಪ್ರಕರಣ ಅದು. 2001ರಿಂದ 2005ರವರೆಗೆ ಸೇರಿದವರು ಎ.ಐ.ಸಿ.ಟಿ.ಇ. ನಡೆಸುವ ಪರೀಕ್ಷೆ ಪಾಸಾದರೆ ಮಾತ್ರ ಪದವಿ ಉಳಿಯುತ್ತದೆ, ಆಮೇಲೆ ಸೇರಿದವರ ಪದವಿ ರದ್ದು ಎಂದು ಸುಪ್ರೀಂ ಕೋರ್ಟು ಹೇಳಿತು. ಆ ಪದವಿಯಿಂದ ಪಡೆದ ಮುಂಬಡ್ತಿಯ ಲಾಭವೂ ಹೋಯಿತು. ಸೇತುವೆ ಕಟ್ಟುವವನಿಗೆ ಸಿಮೆಂಟು ಗೊತ್ತಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ನಾವು ದಾಟುವ ಸೇತುವೆ, ನಮ್ಮ ಮಕ್ಕಳು ಶಾಲೆಗೆ ಹೋಗುವ ಸೇತುವೆ.

ಆದರೆ ಜೊಳ್ಳನ್ನು ತೂರುವ ಮೊರ ಇದೆ ಎಂದ ಮೇಲೆ ಕಾಳನ್ನೂ ಚೆಲ್ಲುವುದೇಕೆ? ಎ.ಎಂ.ಐ.ಇ. ಜೊಳ್ಳಾಗಿರಲಿಲ್ಲ. ಹತ್ತು ಸಲ ಕುಳಿತು ಒಂದೊಂದೇ ವಿಷಯ ಪಾಸು ಮಾಡಿಕೊಂಡವರು ಅದರಲ್ಲಿದ್ದಾರೆ. ಅದನ್ನೂ 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಪದವಿಗೆ ಸಮ ಎಂದು ಕೇಂದ್ರ ಸರ್ಕಾರ ಮಿತಿ ಹಾಕಿತು. ಅಂಚೆಯ ದಾರಿ ಮುಚ್ಚಿತು, ಎ.ಎಂ.ಐ.ಇ. ದಾರಿಗೂ ಬೇಲಿ ಬಿತ್ತು. 2023ರಿಂದ ನೌಕರಿಯಲ್ಲಿರುವವರಿಗೆ ಅನುಕೂಲದ ವೇಳೆಯಲ್ಲಿ ತರಗತಿ ನಡೆಸಲು ಕಾಲೇಜುಗಳಿಗೆ ಎ.ಐ.ಸಿ.ಟಿ.ಇ. ಒಪ್ಪಿಗೆ ಕೊಡುತ್ತಿದೆ. ಒಳ್ಳೆಯದೇ. ಆದರೆ ಅಥಣಿಯಲ್ಲೋ ಕಾಗವಾಡದಲ್ಲೋ ನೌಕರಿ ಮಾಡುವ ಮಗುವಿನ ತಾಯಿ, ಸಂಜೆ ಆರರ ತರಗತಿಗೆ ಬೆಳಗಾವಿಗೆ ಹೋಗಿ ರಾತ್ರಿ ಮನೆ ಸೇರುವುದು ಯಾವ ಬಸ್ಸಿನಲ್ಲಿ? ಚಿಕ್ಕೋಡಿ, ನಿಪ್ಪಾಣಿಯ ಕಾಲೇಜುಗಳಲ್ಲೇ ಅಂಥ ತರಗತಿ ನಡೆಯಲಿ ಎಂದು ನಮ್ಮ ಶಾಸಕರು ಒಂದು ದಿನವಾದರೂ ಬಾಯಿ ತೆರೆಯಬೇಡವೆ?

ಅಕ್ಕ ತಂಗಿಯರೇ, ಇದು ಎಂಜಿನಿಯರರ ಜಗಳ, ನಮಗೇನು ಎನ್ನಬೇಡಿ. ಗಂಡಸರ ಓದು ಸಾಮಾನ್ಯವಾಗಿ ಸರಿಯಾದ ವಯಸ್ಸಿಗೆ ಮುಗಿಯುತ್ತದೆ. ನಮ್ಮದು ಮುರಿದು ಮುರಿದು ನಡೆಯುತ್ತದೆ. ಹತ್ತನೆಯದಕ್ಕೆ ನಿಂತದ್ದು ಮದುವೆಯಾದ ಮೇಲೆ ಪಿ.ಯು.ಸಿ., ಎರಡನೆಯ ಮಗು ಶಾಲೆಗೆ ಹೋದ ಮೇಲೆ ಬಿ.ಎ. ತಡವಾಗಿ ಬಂದ ಪದವಿಯನ್ನು ಕಡಿಮೆ ಎಂದು ಎಣಿಸುವ ಯಾವ ನಿಯಮವೂ ಎಲ್ಲರಿಗಿಂತ ಹೆಚ್ಚು ಪೆಟ್ಟು ಕೊಡುವುದು ಹೆಂಗಸರಿಗೇ. ಭಾರತದ ಮೊದಲ ಮಹಿಳಾ ಎಂಜಿನಿಯರರಲ್ಲಿ ಒಬ್ಬರಾದ ಎ. ಲಲಿತಾ ಹದಿನೈದಕ್ಕೆ ಮದುವೆಯಾಗಿ, ಹದಿನೆಂಟಕ್ಕೆ ವಿಧವೆಯಾಗಿ, ನಾಲ್ಕು ತಿಂಗಳ ಹೆಣ್ಣುಮಗುವನ್ನು ಎದೆಗವಚಿಕೊಂಡ ಮೇಲೆ ಮದರಾಸಿನ ಗಿಂಡಿ ಕಾಲೇಜಿಗೆ ಹೋಗಿ 1943ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಮುಗಿಸಿದರು. ಪ್ರಮಾಣಪತ್ರದಲ್ಲಿ ಗಂಡಸಿಗೆಂದೇ ಅಚ್ಚು ಹಾಕಿದ ಪದವನ್ನು ಹೊಡೆದು ಹೆಣ್ಣಿನ ಪದ ಬರೆಯಬೇಕಾಯಿತು. ನಮ್ಮ ನಿಯಮಗಳಿಗೂ ಬೇಕಾದದ್ದು ಅಂಥ ಒಂದು ತಿದ್ದುಪಡಿಯೇ.

ನಮ್ಮ ಮನೆಮನೆಯ ಶಾಲಾ ಶಿಕ್ಷಕಿಯರನ್ನೇ ನೋಡಿ. ಒಂದರಿಂದ ಏಳನೆಯ ತರಗತಿಯವರೆಗೆ ಕಲಿಸಲು ನೇಮಕವಾದವರು ಅವರು. ನೌಕರಿಯಲ್ಲಿದ್ದುಕೊಂಡೇ ಎಷ್ಟೋ ಜನ ಬಿ.ಎ., ಬಿ.ಎಡ್. ಮುಗಿಸಿದರು. 2017ರ ವೃಂದ ಮತ್ತು ನೇಮಕಾತಿ ನಿಯಮಗಳು ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರೆಂಬ ಬೇರೆ ವೃಂದ ಮಾಡಿದವು. ಮೊದಲಿನಿಂದ ಇದ್ದವರು, ಪದವಿ ಇದ್ದರೂ, ಒಂದರಿಂದ ಐದರವರು ಎನಿಸಿಕೊಂಡರು. ನಿನ್ನೆಯವರೆಗೆ ಏಳನೆಯ ತರಗತಿಗೆ ವಿಜ್ಞಾನ ಕಲಿಸಿದವರು ಇಂದು ಕಾಗದದ ಮೇಲೆ ಅದಕ್ಕೆ ಅರ್ಹರಲ್ಲ! 2024ರ ಆಗಸ್ಟ್ 12ರಂದು ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿ ಕೇಳಿದ್ದು ಇದನ್ನೇ: ನಾವು ದುಡಿದ ವರ್ಷವನ್ನೂ ಓದಿದ ಪದವಿಯನ್ನೂ ಗುರುತಿಸಿ. ಎಂಜಿನಿಯರರ ಬೇಡಿಕೆಗೂ ಇದಕ್ಕೂ ಹೆಸರಿನ ವ್ಯತ್ಯಾಸ ಮಾತ್ರ. ಇನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯವನ್ನು ನಂಬಿ ಓದಿದವರ ಪಾಡು ಕೇಳಿ. 2015ರಲ್ಲಿ ಅದರ ಮಾನ್ಯತೆ ಹೋಯಿತು, 2018ರಲ್ಲಿ ಮರಳಿ ಬಂತು. ನಡುವೆ ಸಿಕ್ಕಿಬಿದ್ದವರು ಓದಿದವರು, ಮಾನ್ಯತೆ ಕಳೆದುಕೊಂಡವರಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ದುಡಿಮೆಯೇ ದೇವರು, ಕಲಿಕೆಗೆ ಕೊನೆಯಿಲ್ಲ ಎಂದು ಭಾಷಣ ಮಾಡುವ ಇಲಾಖೆಗಳೇ ಮರುದಿನ ಬೆಳಿಗ್ಗೆ “ಪದವಿ ಯಾವಾಗ ಪಡೆದಿದ್ದು?” ಎಂದು ಹುಬ್ಬು ಗಂಟಿಕ್ಕುತ್ತವೆ. ಕಲಿಕೆಗೆ ಕೊನೆಯಿಲ್ಲ ಎಂದ ಮೇಲೆ ಕಲಿತದ್ದಕ್ಕೆ ಬೆಲೆ ಕಟ್ಟುವ ದಿನಕ್ಕೇಕೆ ಗಡಿ?

ನಿಮ್ಮ ಮನೆಯಲ್ಲಿ ಇಂಥ ಒಬ್ಬರಿದ್ದರೆ, ಮೊದಲು ಅವರ ಸೇವಾ ಪುಸ್ತಕ ತೆರೆಸಿ ಪದವಿಯ ದಿನಾಂಕ ನಮೂದಾಗಿದೆಯೋ ನೋಡಿ. ಜ್ಯೇಷ್ಠತಾ ಪಟ್ಟಿ ಹೊರಟಾಗ ಆಕ್ಷೇಪಣೆಯ ಅವಧಿ ಮೀರದಂತೆ ಅರ್ಜಿ ಬರೆಸಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಕಾಗದವನ್ನು ಬಂಗಾರದ ಜೊತೆಗೇ ಟ್ರಂಕಿನಲ್ಲಿಡಿ. ಮತ ಕೇಳಲು ಬಂದವರಿಗೆ ರಸ್ತೆ, ನೀರು, ಗ್ಯಾಸು ಕೇಳುವ ಹಾಗೆ ಇದನ್ನೂ ಕೇಳಿ. ಈ ರಾಜ್ಯದ ನಿಯಮ ತಿದ್ದಲು ದಿಲ್ಲಿಗೆ ಹೋಗಬೇಕಿಲ್ಲ, ಸಂವಿಧಾನ ಬದಲಿಸಬೇಕಿಲ್ಲ. ವಿಧಾನಸೌಧದ ಒಂದು ಕೋಣೆಯಲ್ಲಿ ಒಬ್ಬರು ಕುಳಿತು ಎರಡು ಪುಟ ಬರೆದರೆ ಸಾಕು. ಅವರನ್ನು ಬರೆಯುವಂತೆ ಮಾಡುವುದು ನಮ್ಮ ಕೆಲಸ.